ನಿಲ್ದಾಣದ ಫಲಕದಲ್ಲಿ ನಾನು ಬರೆಯದೆ ಬಿಟ್ಟದ್ದು

ಪಟ್ಟಣ ಪರಿಷತ್ತಿನ ಪರಂಪರೆ ವಿಭಾಗದ ಅಧಿಕಾರಿಗಳಿಗೆ,

ಮಾನ್ಯರೇ,

ಪೆಡ್ಲಿಂಗ್ ಹೀತ್ ರೈಲು ನಿಲ್ದಾಣದ ಎದುರು ಕಳೆದ ಮೇ ತಿಂಗಳಲ್ಲಿ ತಾವು ನಿಲ್ಲಿಸಿದ ಫಲಕದಲ್ಲಿ ಒಂದು ದೊಡ್ಡ ಸುಳ್ಳಿದೆ. ಅದನ್ನು ತಿದ್ದಬೇಕೆಂದು ತಮಗೆ ಮೂರು ಸಲ ಬರೆದೆ. ಮೂರು ಸಲವೂ ಒಂದೇ ಉತ್ತರ ಬಂತು: ಪಠ್ಯವನ್ನು ಸ್ಥಳೀಯ ಇತಿಹಾಸ ಸಂಘದ ಅನುಭವಿ ಕಾರ್ಯದರ್ಶಿಯವರೇ ಬರೆದಿರುವುದರಿಂದ ಅದರ ಸತ್ಯಾಸತ್ಯತೆಯ ಬಗ್ಗೆ ಪರಿಷತ್ತಿಗೆ ಸಂಶಯವಿಲ್ಲವಂತೆ. ಮಾನ್ಯರೇ, ಆ ಅನುಭವಿ ಕಾರ್ಯದರ್ಶಿ ನಾನೇ. ಸುಳ್ಳು ಬರೆದವನೇ ಬಂದು ಇದು ಸುಳ್ಳು ಎಂದು ಬಾಗಿಲು ತಟ್ಟಿದರೂ, ಅವನ ಮಾತಿಗಿಂತ ಅವನ ಸುಳ್ಳನ್ನೇ ಹೆಚ್ಚು ಗೌರವಿಸುವ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಗಾಗಿ ನಾಲ್ಕನೆಯ ಪತ್ರವನ್ನು ಊರವರೆಲ್ಲ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಫಲಕದಲ್ಲಿರುವುದೆಲ್ಲ ಸುಳ್ಳೇನಲ್ಲ. 1873ರಲ್ಲಿ ಇಲ್ಲಿಗೆ ರೈಲು ಬಂದದ್ದು ನಿಜ. ಅದು ಬಂದದ್ದು ಜನರಿಗಾಗಿ ಅಲ್ಲ, ಇಟ್ಟಿಗೆಗಾಗಿ ಎಂಬುದೂ ನಿಜ. ನಮ್ಮ ಕುರುಚಲು ಬಯಲಿನ ಹಳದಿ ಜೇಡಿಮಣ್ಣು ಭಟ್ಟಿಯಲ್ಲಿ ಬೆಂದು, ಗೂಡ್ಸ್ ಗಾಡಿ ಹತ್ತಿ, ಲಂಡನ್ನಿನಲ್ಲಿ ಗೋಡೆಯಾಯಿತು. ಅರವತ್ತು ವರ್ಷ ಹೀಗೆ ಮಣ್ಣು ಹೋಯಿತು. ಆಮೇಲೆ ಆ ಗೋಡೆಗಳ ನಡುವೆ ಉಸಿರುಕಟ್ಟಿದವರು ಅದೇ ಹಳಿಯ ಮೇಲೆ ಇಲ್ಲಿಗೆ ಬಂದರು. 1934ರಲ್ಲಿ ಒಬ್ಬ ಕಂತ್ರಾಟುದಾರ ಹೊಲಗಳನ್ನು ಕೊಂಡು, ನಡುವೆ ಒಂದೇ ಗೋಡೆ ಹಂಚಿಕೊಂಡ ಜೋಡಿಮನೆಗಳನ್ನು ಸಾಲುಸಾಲಾಗಿ ಎಬ್ಬಿಸಿದ. ಮುಂದೆ ಉಬ್ಬು ಕಿಟಕಿ, ಹಿಂದೆ ಉದ್ದನೆಯ ತೋಟ, ಬೀದಿಗೊಂದು ಹೂವಿನ ಹೆಸರು. 'ಲಂಡನ್ನಿನ ಹೊಗೆಯಿಂದ ಕೇವಲ ಇಪ್ಪತ್ತೆಂಟು ನಿಮಿಷ' ಎಂದು ಅವನ ಜಾಹೀರಾತು ಹೇಳುತ್ತಿತ್ತು. ಈಗ ಅದೇ ಪ್ರಯಾಣಕ್ಕೆ ನಲವತ್ತೊಂದು ನಿಮಿಷ ಬೇಕು. ಅದರ ಬಗ್ಗೆ ದೂರು ಕೊಡಬೇಕಾದದ್ದು ಬೇರೆ ಇಲಾಖೆಗೆ.

ನಮ್ಮೂರಿನ ಗುಣವನ್ನೂ ಫಲಕ ಹೊಗಳಿದೆ. 'ಶಾಂತ, ಶಿಸ್ತಿನ ಜನ' ಎಂದಿದೆ. ಇರಬಹುದು. ಪ್ಲಾಟ್‌ಫಾರ್ಮಿನ ಮೂರನೆಯ ದೀಪದ ಕಂಬದ ಬಳಿ ನಾನು ಹತ್ತೊಂಬತ್ತು ವರ್ಷ ಒಬ್ಬ ಮನುಷ್ಯನ ಪಕ್ಕದಲ್ಲಿ ನಿಂತು 7.42ರ ರೈಲಿಗೆ ಕಾದಿದ್ದೇನೆ. ಅವರ ಹೆಸರು ನನಗೆ ತಿಳಿದದ್ದು ಅವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಚಿತ್ರದೊಂದಿಗೆ ಬಂದಾಗ. ನಾವು ಯಾರೊಂದಿಗೂ ಜಗಳ ಆಡುವುದಿಲ್ಲ. ಜಗಳ ಆಡಬೇಕೆನ್ನಿಸಿದರೆ ಒಂದು ಸಮಿತಿ ಮಾಡುತ್ತೇವೆ.

ಸುಳ್ಳು ಇರುವುದು ಫಲಕದ ಕೊನೆಯ ಸಾಲಿನಲ್ಲಿ: 'ಹೊಸದಾಗಿ ಬಂದವರನ್ನೆಲ್ಲ ಪೆಡ್ಲಿಂಗ್ ಹೀತ್ ಸದಾ ತೆರೆದ ಬಾಗಿಲಿನಿಂದ ಬರಮಾಡಿಕೊಂಡಿದೆ.' ಈ ವಾಕ್ಯವನ್ನು ನಾನು ಒಂದೇ ಏಟಿಗೆ, ಎಲ್ಲೂ ಹೊಡೆದುಹಾಕದೆ ಬರೆದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಹಳೆಯ ಇಟ್ಟಿಗೆ ಗುಂಡಿಗಳನ್ನು ಮುಚ್ಚಿ, ಬಾಂಬು ಬಿದ್ದು ಮನೆ ಕಳೆದುಕೊಂಡ ಲಂಡನ್ನಿನವರಿಗೆಂದು ಪರಿಷತ್ತು 1950ರಲ್ಲಿ ಇನ್ನೂರು ಬಾಡಿಗೆ ಮನೆ ಕಟ್ಟಿಸಿತು. ಅದೇ ಪಿಟ್‌ಫೀಲ್ಡ್. ಪಿಟ್‌ಫೀಲ್ಡಿನಿಂದ ನಿಲ್ದಾಣಕ್ಕೆ ಹತ್ತಿರದ ದಾರಿ ಎಂದರೆ ನಮ್ಮ ಲ್ಯಾಬರ್ನಮ್ ಅವೆನ್ಯೂವಿನ ಕೊನೆಯಲ್ಲಿರುವ ಓಣಿ. ನಡೆದರೆ ಆರು ನಿಮಿಷ. ಓಣಿಯ ಜಾಗ ಖಾಸಗಿಯವರದು ಎಂದು ಯಾರೋ ಹಳೆಯ ಕಾಗದ ಹುಡುಕಿ ತೆಗೆದರು. ನಮ್ಮ ನಿವಾಸಿಗಳ ಸಂಘ ಆ ಜಾಗವನ್ನು ಕೊಂಡು, 1958ರಲ್ಲಿ ಕಬ್ಬಿಣದ ಗೇಟು ಹಾಕಿ ಬೀಗ ಜಡಿಯಿತು. ಸಂಘದ ಪ್ರತಿ ಮನೆಗೂ ಒಂದು ಕೀಲಿ. ಪಿಟ್‌ಫೀಲ್ಡಿನವರು ಹೆದ್ದಾರಿಯಲ್ಲಿ ಸುತ್ತಿ, ಕಾಲುದಾರಿಯೇ ಇಲ್ಲದ ರೈಲು ಸೇತುವೆಯ ಅಡಿಯಲ್ಲಿ ನುಸುಳಿ ಬರಬೇಕಾಯಿತು. ನಾನು ಇಲ್ಲಿ ಮನೆ ಕೊಂಡದ್ದು 1977ರಲ್ಲಿ. ನಾಲ್ಕು ವರ್ಷಕ್ಕೆ ಸಂಘದವರು ನನ್ನನ್ನು ಕೀಲಿಗಳ ಕಾರ್ಯದರ್ಶಿ ಮಾಡಿದರು. ಇಂಥ ಹುದ್ದೆ ಜಗತ್ತಿನಲ್ಲಿ ಬೇರೆಲ್ಲಾದರೂ ಉಂಟೋ? ನನಗಂತೂ ಹೆಮ್ಮೆಯಾಗಿತ್ತು.

1984ರ ಸೆಪ್ಟೆಂಬರಿನಲ್ಲಿ ಒಂದು ಶನಿವಾರ ನಾನು ಮುಂಬೇಲಿ ಕತ್ತರಿಸುತ್ತಿದ್ದಾಗ ಒಬ್ಬ ಹೆಂಗಸು ಬಂದು ನಿಂತರು. ನಲವತ್ತರ ಆಸುಪಾಸು, ಕೈಯಲ್ಲಿ ಮಡಿಸಿದ ಕಾಗದ. ಅವರನ್ನು ಇಲ್ಲಿ ಮೇವಿಸ್ ಎಂದು ಕರೆಯುತ್ತೇನೆ.

"ಪೆಟಿಫರ್ ಅವರು ನೀವೇ ಅಲ್ವಾ? ಕೀಲಿ ಕೊಡೋರು?"

ಹೌದೆಂದೆ.

"ನಾನು ಪಿಟ್‌ಫೀಲ್ಡಿಂದ ಬಂದೆ. ಸಂಜೆ ಹೊತ್ತು ಲಂಡನ್ನಿಗೆ ಆಫೀಸು ಕ್ಲೀನ್ ಮಾಡೋಕೆ ಹೋಗ್ತೀನಿ. ನೀವು ಕೆಲಸ ಮಾಡೋ ಇನ್ಶೂರೆನ್ಸ್ ಕಟ್ಟಡಕ್ಕೇ. ನೀವು ರೈಲಿಂದ ಇಳಿಯೋ ಹೊತ್ತಿಗೆ ನಾನು ಹತ್ತೋದು, ನೋಡಿರ್ತೀರಿ."

ನಾನು ನೋಡಿರಲಿಲ್ಲ. ನೋಡಿದ್ದೇನೆ ಎಂದೆ.

"ಇನ್ನೇನು ಬೇಗ ಕತ್ತಲಾಗೋ ದಿನ ಬರ್ತವೆ. ಆ ಸೇತುವೆ ಕೆಳಗೆ ಲಾರಿಗಳು ಮೈಮೇಲೇ ಬರ್ತವೆ ಸ್ವಾಮಿ. ನಾವು ಆರು ಜನ ಹೆಂಗಸರು ಇದೀವಿ. ಆರು ಕೀಲಿ ಬೇಡ, ಒಂದು ಕೊಟ್ರೆ ಸಾಕು, ಒಟ್ಟಿಗೆ ಬರ್ತೀವಿ, ಬೀಗ ಹಾಕ್ಕೊಂಡೇ ಹೋಗ್ತೀವಿ. ಎಲ್ಲಾ ಇದರಲ್ಲಿ ಬರೆದಿದೀನಿ. ನಿಮ್ಮ ಮೀಟಿಂಗಲ್ಲಿ ಓದಿ."

"ಸಮಿತಿಯ ಮುಂದೆ ಇಡ್ತೀನಿ," ಎಂದು ಕಾಗದ ತೆಗೆದುಕೊಂಡೆ. ಒಳಗೆ ಹೋದಾಗ ನನ್ನ ಹೆಂಡತಿ ಬೆರಿಲ್ ಕಿಟಕಿಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು.

"ಇಡ್ತೀಯಾ ನಿಜವಾಗಿ?"

"ಇಡ್ತೀನಿ ಅಂದ್ನಲ್ಲ."

"ಥ್ರೆಲ್‌ಫಾಲ್ ಮುಖ ಸಿಂಡರಿಸಿದ್ರೆ ನಿನ್ನ ಬಾಯಿಂದ ಮಾತೇ ಹೊರಡಲ್ಲ, ರೋಲಂಡ್. ಈಗ್ಲೇ ಹೋಗಿ ಒಂದು ಕೀಲಿ ಮಾಡಿಸಿ ಕೊಟ್ಟುಬಿಡು. ಯಾರಿಗೆ ಗೊತ್ತಾಗುತ್ತೆ?"

ಥ್ರೆಲ್‌ಫಾಲ್ ನಮ್ಮ ಸಂಘದ ಅಧ್ಯಕ್ಷರು. ನನಗಿಂತ ಎರಡು ಮನೆ ಮೇಲೆ, ಕಚೇರಿಯಲ್ಲಿ ಎರಡು ಮಹಡಿ ಮೇಲೆ. ಆ ವರ್ಷ ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು. ಅವರು ಕೇಡಿಗರಲ್ಲ. ನೆರೆಯವರು ಕಾಯಿಲೆ ಬಿದ್ದರೆ ಸೂಪು ಕಳಿಸುತ್ತಿದ್ದರು. ಗೇಟಿನ ಮಾತು ಬಂದರೆ ಮಾತ್ರ, "ಒಬ್ಬರಿಗೆ ಕೊಟ್ರೆ ಇನ್ನೂರು ಜನಕ್ಕೆ ಕೊಟ್ಟಂಗೆ," ಎನ್ನುತ್ತಿದ್ದರು. ಸೆಪ್ಟೆಂಬರಿನ ಸಭೆಗೆ ಆ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋದೆ. ಬಿಸ್ಕತ್ತು ತಿಂದೆ. ಬೀದಿಯ ಚೆರ್ರಿ ಮರಗಳ ಬಗ್ಗೆ ಚರ್ಚಿಸಿದೆ. ಕಾಗದ ಜೇಬಿನಲ್ಲೇ ಉಳಿಯಿತು. ಮರುದಿನ ಕಚೇರಿಯಲ್ಲಿ ಕೋಟು ತೂಗುಹಾಕುವಾಗ ಅದು ಕೈಗೆ ತಗುಲಿತು. ಕಸದ ಬುಟ್ಟಿಗೆ ಹಾಕಿದೆ.

ಅಕ್ಟೋಬರಿನಲ್ಲಿ ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಮೇವಿಸ್ ನನ್ನನ್ನು ನಿಲ್ಲಿಸಿ, "ಏನಂದ್ರು?" ಎಂದು ಕೇಳಿದರು.

"ಪರಿಶೀಲಿಸ್ತಾ ಇದಾರೆ," ಎಂದೆ.

ಅವರು ನನ್ನ ಮುಖವನ್ನೇ ನೋಡಿ, "ಹಂಗಾ," ಎಂದಷ್ಟೇ ಹೇಳಿ ರೈಲು ಹತ್ತಿದರು.

ನವೆಂಬರ್ ಇಪ್ಪತ್ತೆರಡರ ಸಂಜೆ ಮಂಜು ಕವಿದಿತ್ತು. ನಾನು ರೈಲಿನಿಂದ ಇಳಿದಾಗ ಸೇತುವೆಯ ಕೆಳಗೆ ಆಂಬುಲೆನ್ಸಿನ ನೀಲಿ ದೀಪ ತಿರುಗುತ್ತಿತ್ತು. ಏನೋ ಅಪಘಾತ ಎಂದುಕೊಂಡು, ಓಣಿಯಲ್ಲಿ ನಡೆದು, ಗೇಟು ತೆಗೆದು, ಮತ್ತೆ ಬೀಗ ಹಾಕಿ, ಮನೆಗೆ ಹೋಗಿ ಊಟ ಮಾಡಿದೆ. ಸುದ್ದಿ ಮರುದಿನ ತಿಳಿಯಿತು. ಮರ ತುಂಬಿದ ಲಾರಿಯೊಂದು ಮೇವಿಸರನ್ನು ಸೇತುವೆಯ ಗೋಡೆಗೆ ಒತ್ತಿತ್ತು. ಪ್ರಾಣ ಉಳಿಯಿತು. ಸೊಂಟದ ಮೂಳೆಯೂ ಎಡಗಾಲೂ ಜಜ್ಜಿಹೋದವು. ಅವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಆಗ ಅವರ ಮಗಳಿಗೆ ಹದಿನಾಲ್ಕು ವರ್ಷ.

ಡಿಸೆಂಬರಿನ ಸಭೆಯಲ್ಲಿ ಥ್ರೆಲ್‌ಫಾಲ್, "ಪಾಪ, ಆ ಲಾರಿಯವನ ಮೇಲೆ ಕ್ರಮ ತಗೋಬೇಕು," ಎಂದರು. ಒಬ್ಬರು ಮೆಲ್ಲಗೆ, "ಅವರ್ಯಾರೂ ನಮ್ಮನ್ನ ಕೀಲಿ ಕೇಳಿರಲಿಲ್ವಾ?" ಎಂದರು. ಎಲ್ಲರೂ ನನ್ನತ್ತ ತಿರುಗಿದರು.

"ಇಲ್ಲ," ಎಂದೆ. "ಅಂಥದ್ದೇನೂ ನನ್ನ ಕೈಗೆ ಬಂದಿಲ್ಲ."

ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡವನೂ ನಾನೇ. ಬಡ್ತಿ ವಸಂತದಲ್ಲಿ ಬಂತು. ಬೆರಿಲ್ ಅಭಿನಂದನೆ ಹೇಳಿದಳು. ಆ ಹೆಂಗಸಿನ ಮಾತನ್ನು ಅವಳು ಸಾಯುವವರೆಗೂ ನನ್ನೆದುರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು ಎಂದೇ ನನ್ನ ಅನುಮಾನ. 1996ರಲ್ಲಿ ಗೇಟು ತುಕ್ಕು ಹಿಡಿದು ತಾನೇ ಬಿತ್ತು. ಮತ್ತೆ ಹಾಕಿಸಲು ಯಾರಿಗೂ ಉತ್ಸಾಹವಿರಲಿಲ್ಲ. ಎಷ್ಟು ಸುಲಭವಾಗಿತ್ತು ನೋಡಿ, ಅದಿಲ್ಲದೆ ಇರುವುದು.

ಇನ್ನು ತಮ್ಮ ಫಲಕದ ವಿಷಯ. ಮುನ್ನೂರು ಪದ ಮೀರಬಾರದು ಎಂದು ತಮ್ಮ ಕಚೇರಿ ಹೇಳಿತ್ತು. ನನ್ನ ಮೊದಲ ಕರಡಿನಲ್ಲಿ ಗೇಟಿನ ಬಗ್ಗೆ ನಲವತ್ತು ಪದಗಳಿದ್ದವು. ಪದ ಹೆಚ್ಚಾಯಿತು ಎಂದು ನನಗೆ ನಾನೇ ಹೇಳಿಕೊಂಡು ಅವನ್ನು ಹೊಡೆದುಹಾಕಿದೆ. ಹಾಗೆ ಉಳಿದ ಜಾಗದಲ್ಲಿ 'ತೆರೆದ ಬಾಗಿಲು' ಬಂದು ಕೂತಿತು. ಉದ್ಘಾಟನೆಯ ದಿನ ಬ್ಯಾಂಡಿತ್ತು, ಸಾಸೇಜ್ ರೋಲ್ ಇತ್ತು, ತಾವೂ ಇದ್ದಿರಿ. ತಾವು ನನ್ನ ಕೈಕುಲುಕುತ್ತಿದ್ದಾಗ ಐವತ್ತು ದಾಟಿದ ಒಬ್ಬ ಹೆಂಗಸು ಫಲಕದ ಫೋಟೊ ತೆಗೆಯುತ್ತಿದ್ದುದು ತಮಗೆ ನೆನಪಿರಲಾರದು. ಅವರು ಮೇವಿಸರ ಮಗಳು ಲಿನೆಟ್.

"ಅಮ್ಮಂಗೆ ಓದಿ ಹೇಳ್ಬೇಕು," ಎಂದರು ನನ್ನೆಡೆ ತಿರುಗಿ. "ಚೆನ್ನಾಗಿ ಬರ್ದಿದೀರಿ. ಈ ತೆರೆದ ಬಾಗಿಲು ಎಲ್ಲಿತ್ತು ಅಂತ ಕೇಳ್ತಾಳೆ. ಏನು ಹೇಳ್ಲಿ?"

ಮುಂದಿನ ಬುಧವಾರ ಮಧ್ಯಾಹ್ನ, ಮೂವತ್ತೊಂಬತ್ತು ವರ್ಷ ತಡವಾಗಿ, ಪಿಟ್‌ಫೀಲ್ಡಿನ ಅವರ ಮನೆಗೆ ಹೋದೆ. ನಮ್ಮ ಮನೆಯಿಂದ ನಾಲ್ಕು ನಿಮಿಷದ ದಾರಿ. ನಾನು ಆ ಕಡೆ ನಡೆದದ್ದು ಅದೇ ಮೊದಲು.

ಮೇವಿಸ್ ಅವರಿಗೆ ಈಗ ಎಂಬತ್ತು. ಕಿಟಕಿಯ ಪಕ್ಕ, ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಲಿನೆಟ್ ಚಹಾ ತಂದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯಗಳು ಬಾಗಿಲಲ್ಲೇ ಉದುರಿಹೋದವು. "ನಿಮ್ಮ ಕಾಗದ ನಾನು ಸಭೆಯಲ್ಲಿ ಓದಲೇ ಇಲ್ಲ. ಅವರು ಪರಿಶೀಲಿಸ್ತಿದಾರೆ ಅಂದದ್ದು ಸುಳ್ಳು," ಎಂದಷ್ಟೇ ಹೇಳಿದೆ.

"ಗೊತ್ತು," ಎಂದರು.

"ಹೇಗೆ?"

"ನಿಮ್ಮ ಆಫೀಸಿನ ಮೂರನೇ ಮಹಡಿಯ ಕಸದ ಬುಟ್ಟಿಗಳನ್ನ ಖಾಲಿ ಮಾಡ್ತಿದ್ದೋಳು ಯಾರು ಅಂದ್ಕೊಂಡ್ರಿ? ನನ್ನ ಕೈಬರಹ ನನಗೆ ಗೊತ್ತಾಗಲ್ವಾ?" ಅವರು ಬಟ್ಟಲನ್ನು ಕೆಳಗಿಟ್ಟರು. "ಪ್ಲಾಟ್‌ಫಾರಂನಲ್ಲಿ ಕೇಳಿದ್ನಲ್ಲ ನಿಮ್ಮನ್ನ, ಅದು ಉತ್ತರಕ್ಕಲ್ಲ. ಏನು ಹೇಳ್ತೀರಿ ನೋಡೋಣ ಅಂತ."

ಕ್ಷಮೆ ಕೇಳಿದೆ. ನಮ್ಮ ಊರಿನಲ್ಲಿ ಕಾಲು ತುಳಿಸಿಕೊಂಡವರೂ ಕ್ಷಮಿಸಿ ಎನ್ನುತ್ತಾರೆ, ಆ ಪದಕ್ಕೆ ಇಲ್ಲಿ ಸವಕಲು ನಾಣ್ಯದಷ್ಟೂ ಬೆಲೆಯಿಲ್ಲ. ಅವರೂ ಹಾಗೇ ಕೇಳಿಸಿಕೊಂಡರು.

"ಅಮ್ಮ, ಅವರು ಫಲಕದಲ್ಲಿ ನಿನ್ನ ಹೆಸರು ಹಾಕಿಸ್ತೀನಿ ಅಂತಾರೆ," ಎಂದರು ಲಿನೆಟ್. ಬಾಗಿಲಲ್ಲಿ ನಾನು ಅವರಿಗೆ ಹಾಗೆ ಹೇಳಿದ್ದೆ. ಉದಾರ ಮನಸ್ಸಿನಿಂದ ಹೇಳಿದ್ದೇನೆ ಎಂದೇ ಭಾವಿಸಿದ್ದೆ.

"ನನ್ನ ಹೆಸರು ಯಾಕೆ?" ಎಂದರು ಮೇವಿಸ್. "ನಾನೇನು ಮಾಡ್ದೆ? ಲಾರಿ ಹೊಡೀತು, ಅಷ್ಟೇ. ಇಸ್ಕೂಲು ಮಕ್ಕಳು ಬಂದು ನನ್ನ ನೋಡಿ ಅಯ್ಯೋ ಪಾಪ ಅನ್ನೋದು ಬೇಡ. ನಿಮ್ಮ ಹೆಸರು ಹಾಕಿ. ಮಾಡಿದೋರು ನೀವಲ್ವಾ?"

ಹಾಗಾಗಿ ಈ ಪತ್ರದಲ್ಲಿ ಅವರ ಹೆಸರನ್ನೂ, ಮಗಳ ಹೆಸರನ್ನೂ ಬದಲಿಸಿದ್ದೇನೆ. ನನ್ನದನ್ನು ಬದಲಿಸಿಲ್ಲ. ಹೊರಡುವಾಗ ನನ್ನನ್ನು ಕ್ಷಮಿಸಿದಿರಾ ಎಂದು ಕೇಳುವ ನಾಚಿಕೆಗೇಡಿತನವನ್ನೂ ಮಾಡಿದೆ. "ಚಹಾ ಕುಡಿದ್ರಲ್ಲ," ಎಂದರು. ಅದಕ್ಕೆ ಏನರ್ಥವೆಂದು ಇಂದಿಗೂ ಯೋಚಿಸುತ್ತಿದ್ದೇನೆ.

ಮಾನ್ಯರೇ, ಊರಿನ ಪರಂಪರೆ ಎಂದರೆ ತಾವು ಏನೆಂದು ತಿಳಿದಿದ್ದೀರಿ? ಉಬ್ಬು ಕಿಟಕಿಗಳು ಮಾತ್ರವೇ? ಚೆರ್ರಿ ಮರಗಳೇ? ನಾವು ಸಭ್ಯ ಜನ ಸಭ್ಯವಾಗಿ ಕೂತು, ಬಿಸ್ಕತ್ತು ತಿನ್ನುತ್ತ, ಇನ್ನೂರು ಮನೆಯವರನ್ನು ಹೆದ್ದಾರಿಗೆ ಅಟ್ಟಿದ ಮೂವತ್ತೆಂಟು ವರ್ಷವನ್ನು ಯಾವ ವಿಭಾಗಕ್ಕೆ ಸೇರಿಸುತ್ತೀರಿ? ಫಲಕ ಬದಲಿಸಿದರೆ ಪಟ್ಟಣದ ಹೆಸರು ಕೆಡುತ್ತದೆ ಎಂದು ತಮ್ಮ ಸಹಾಯಕರು ಫೋನಿನಲ್ಲಿ ಹೇಳಿದರು. ಹೆಸರು ಕೆಡಿಸಿದವನು ತಾನೇ ಮುಂದೆ ನಿಂತು ಇದು ನನ್ನ ಕೆಲಸ ಎನ್ನುತ್ತಿರುವಾಗ ಪಟ್ಟಣಕ್ಕೇಕೆ ಚಿಂತೆ?

ನನ್ನ ಬೇಡಿಕೆ ಇಷ್ಟು. ಕೊನೆಯ ಸಾಲನ್ನು ತೆಗೆಸಿ. ಅಲ್ಲಿ ಹೀಗೆ ಬರೆಸಿ: '1958ರಿಂದ 1996ರವರೆಗೆ ಲ್ಯಾಬರ್ನಮ್ ಅವೆನ್ಯೂವಿನ ನಿವಾಸಿಗಳು ಪಿಟ್‌ಫೀಲ್ಡಿನವರು ಬಾರದಂತೆ ಈ ಓಣಿಗೆ ಬೀಗ ಹಾಕಿದ್ದರು. ಒಂದು ಕೀಲಿ ಕೊಡಿ ಎಂದು ಆರು ಹೆಂಗಸರು ಕೇಳಿದರು. ಆ ಅರ್ಜಿಯನ್ನು ಸಂಘದ ಕೀಲಿಗಳ ಕಾರ್ಯದರ್ಶಿ ರೋಲಂಡ್ ಪೆಟಿಫರ್ ಕಸಕ್ಕೆ ಹಾಕಿದ.' ಕೊನೆಯಲ್ಲಿ 'ಹಾಕಿದರು' ಎಂದು ಗೌರವ ಸೇರಿಸಬೇಡಿ. ಮುನ್ನೂರು ಪದ ಮೀರಿದರೆ ಇಟ್ಟಿಗೆಯ ವಿಷಯ ಬಿಟ್ಟುಬಿಡಿ.

ಇಂತಿ, ತಮ್ಮ ಫಲಕದ ಲೇಖಕ, ನಂಬಲರ್ಹನಲ್ಲದ
ರೋಲಂಡ್ ಪೆಟಿಫರ್
17, ಲ್ಯಾಬರ್ನಮ್ ಅವೆನ್ಯೂ, ಪೆಡ್ಲಿಂಗ್ ಹೀತ್