ಕೂದಲು ಬಿಚ್ಚಿ ಕುಳಿತ ಅವ್ವ

ನನ್ನ ಅವ್ವಾ,

ಆ ಭಾನುವಾರ ನೆನಪಿದೆಯಾ? ಅಟ್ಟೂರಿನ ನಮ್ಮ ಮನೆಯ ಹಿಂಬದಿಯ ಬಾಲ್ಕನಿಯಲ್ಲಿ ನೀನು ಎರಕೊಂಡು ಬಂದು ತಲೆ ಒಣಗಿಸುತ್ತಿದ್ದೆ. ನರೆತ ಕೂದಲು ಸೊಂಟ ದಾಟಿತ್ತು. ಚಹಾ ಹಿಡಿದು ಬಂದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಾನು ಹೋಗುವ ಚಿತ್ರದ ಕ್ಲಾಸಿನಲ್ಲಿ ಆ ವಾರವಷ್ಟೇ ಪ್ರಿ-ರಾಫೆಲೈಟ್ ಶೈಲಿ ತೋರಿಸಿದ್ದರು. ಹಿಂದಿನ ಕಾಲದ ಇಂಗ್ಲೆಂಡಿನ ಕಲಾವಿದರು ಬರೆದ ಹೆಂಗಸರು: ಹರಡಿದ ದಟ್ಟ ಕೂದಲು, ನೀಳ ಕೊರಳು, ಎಲ್ಲೋ ನೋಡುವ ಕಣ್ಣು. ಎಲ್ಲರೂ ಎಳೆಯರು. ಅವರಿಗೂ ಎಪ್ಪತ್ತಾಗಿದ್ದರೆ...

"ಅವ್ವಾ, ಹಂಗ ಕೂಡು. ನಿನ್ನ ಚಿತ್ರ ತಗೀತೀನಿ."

"ಹುಚ್ಚಿ! ಗಂಡ ಸತ್ತಾಕಿ ಕೂದಲ ಬಿಟಗೊಂಡು ಕುಂತ್ರ ಮಂದಿ ಏನಂದಾರು?"

ನೀನು ಸೆರಗು ತಲೆಗೆಳೆದುಕೊಂಡು ಒಳಗೆ ಹೋದೆ. ಅಪ್ಪ ಹೋದಾಗಿನಿಂದ ನೀನು ತುರುಬು ಬಿಚ್ಚಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ನಾನು ಒತ್ತಾಯಿಸಲಿಲ್ಲ. ಮುಂದಿನ ವಾರ ನೀನೇ ಕೂದಲು ಹರಡಿಕೊಂಡು ಬಂದು ಕುಳಿತೆಯಲ್ಲ! ವಾರವಿಡೀ ಏನು ಯೋಚಿಸಿದ್ದೆ?

ಎಳೆ ಎಳೆಯಾಗಿ ಕೂದಲು ಬರೆಯಲು ವಾರಗಳೇ ಹಿಡಿದವು. ನೀನು ಮಾತು ನಿಲ್ಲಿಸಲೇ ಇಲ್ಲ. ಮದುವೆಗೆ ಮುಂಚೆ ಗದಗಿನಲ್ಲಿ ಬಾಡಿಗೆ ಸೈಕಲ್ ತಂದು ಕಲಿಯಲು ಹೋಗಿ ಎಮ್ಮೆಗೆ ಗುದ್ದಿದ್ದನ್ನು ಅಪ್ಪನಿಗೂ ಹೇಳಿರಲಿಲ್ಲವಂತೆ! ಮೊಬೈಲಿನಲ್ಲಿ ಆ ಇಂಗ್ಲೆಂಡಿನ ಚಿತ್ರದ ಹೆಂಗಸೊಬ್ಬಳನ್ನು ತೋರಿಸಿದರೆ, "ಇಕಿ ಯಾಕ ಹಿಂಗ ಸಪ್ಪಗ ಕುಂತಾಳ? ಉಂಡಿಲ್ಲೇನು?" ಎಂದು ನಕ್ಕೆ ನೀನು. ಈ ಶೈಲಿಯಲ್ಲಿ ನಗಬಾರದು ಎಂದೆ ನಾನು. "ಹಂಗಾರ ನನ್ನ ಬಾಯಿ ಕಡೀಕ ತಗಿ" ಎಂದು ನೀನು ಮತ್ತೆ ನಕ್ಕೆ.

ಬಾಯಿ ಬರೆಯುವ ಮೊದಲೇ, ಒಂದು ಮಧ್ಯಾಹ್ನ ಮಲಗಿದ ನೀನು ಮತ್ತೆ ಏಳಲಿಲ್ಲ. ತಿಂಗಳುಗಟ್ಟಲೆ ಆ ಹಾಳೆ ಮುಟ್ಟಲಾಗಲಿಲ್ಲ ನನಗೆ. ಫೋಟೊ ನೋಡಿ ಬರೆಯೋಣವೆಂದರೆ ಎಲ್ಲದರಲ್ಲೂ ತುಟಿ ಬಿಗಿದು ನಿಂತಿದ್ದೀಯ. ಕೊನೆಗೊಂದು ಬೆಳಿಗ್ಗೆ ಕನ್ನಡಿಯ ಮುಂದೆ ಕುಳಿತು ಆ ಎಮ್ಮೆಯನ್ನು ನೆನೆಸಿಕೊಂಡೆ. ನಗು ಬಂತು. ಕನ್ನಡಿಯಲ್ಲಿದ್ದದ್ದು ನಿನ್ನದೇ ಬಾಯಿ, ಅವ್ವಾ. ನನಗೆ ಗೊತ್ತೇ ಇರಲಿಲ್ಲ. ಅದನ್ನೇ ಬರೆದೆ. ಶೈಲಿಯೇನೋ ಕೆಟ್ಟಿತು. ನಮ್ಮ ಚಿತ್ರದ ಮೇಷ್ಟ್ರು ಬಹಳ ಹೊತ್ತು ನೋಡಿ, "ಹಿಂಗೇ ಇರ್ಲಿ ಮೇಡಂ, ರಬ್ಬರ್ ಮುಟ್ಬೇಡಿ" ಅಂದರು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಹೋದ ವಾರ ಯಲಹಂಕದಲ್ಲಿ ನಮ್ಮ ಕ್ಲಾಸಿನವರ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಕೆಳಗಿನ ಮನೆಯ ಸರೋಜಮ್ಮ ನಿನ್ನೆದುರೇ ನಿಂತುಬಿಟ್ಟರು. ಗಂಡ ತೀರಿಕೊಂಡ ಮೇಲೆ ಅವರು ಮನೆ ಬಿಟ್ಟು ಹೊರಗೆ ಬಂದದ್ದೇ ಅಪರೂಪ. ಹೊರಡುವಾಗ ನನ್ನ ಕೈ ಹಿಡಿದು, ಮೆಲ್ಲಗೆ, "ನಂದು ಅಷ್ಟೊಂದು ಉದ್ದ ಇಲ್ಲ ಕಣ್ರೀ. ಆದ್ರೂ ಚಿತ್ರಕ್ಕೆ ಕೂರೋಕೆ ಬರ್ಲಾ?" ಅಂದರು.

ಬನ್ನಿ ಅಂದಿದ್ದೇನೆ. ನಾಳೆ ಬೆಳಿಗ್ಗೆ ಬರುತ್ತಾರೆ.

ನಿನ್ನ ಶಾಂತಾ