ಕಾಜಾ ಹಾಕುವ ಅಕ್ಕನ ಕಾಗದ

ಮಾರ್ಚ್ ೯, ಭಾನುವಾರ

ಪ್ರೀತಿಯ ತಂಗಿ ಗುಬ್ಬಿಗೆ, ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಪುರುಸೊತ್ತಿರಲಿಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಜೊತೆಗೆ ಕಳಿಸಿದ್ದೆಯಲ್ಲ ನಿನ್ನ ಹೊಸ ಹೊಲಿಗೆ ಅಂಗಡಿಯ ಫೋಟೋ, ನಾಲ್ಕು ಮೆಷಿನ್ನು, ನಡುವೆ ಕುತ್ತಿಗೆಗೆ ಟೇಪು ಹಾಕಿಕೊಂಡು ನೀನು, ಅದನ್ನು ನೋಡಿ ಹೊಟ್ಟೆ ಉರಿಯಿತು. ನಿನ್ನ ಭಾವ ಅದನ್ನು ಕನ್ನಡಿಯ ಪಕ್ಕ ಸಿಕ್ಕಿಸಿದರು. ತಲೆ ಬಾಚಿಕೊಳ್ಳುವಾಗಲೆಲ್ಲ ನಿನ್ನ ಮುಖವನ್ನೂ ನೋಡಬೇಕು. ಎರಡು ಸಲ ತೆಗೆದು ಡ್ರಾಯರಿಗೆ ಹಾಕಿದೆ, ಎರಡು ಸಲವೂ ಹುಡುಕಿ ತಂದರು.

ಟೈಲರ್ ಮಾಸ್ಟರ್ ಹತ್ತಿರ ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ನೀನು ಕಟಿಂಗ್ ಕಲಿತು ಹೊರಟೆ. ನಾನು ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿ ಪಕ್ಕ ಗುಂಡಿಯ ತೂತಿಗೆ ಕಾಜಾ ಹಾಕಿಕೊಂಡು, ಗುಂಡಿ ಹೊಲಿದುಕೊಂಡು ಕೂತಿದ್ದೇನೆ. ಯಾರಾದರೂ ಕೇಳಿದರೆ, "ನನ್ನ ಕೈಗೆ ಕತ್ತರಿ ಒಗ್ಗಲ್ಲ" ಅನ್ನುವುದು ಬಾಯಿಪಾಠವಾಗಿತ್ತು.

ಜನವರಿ ಕೊನೆಯಲ್ಲಿ ಮಾಸ್ಟರ್ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಹೆಡ್‌ಮಿಸ್ಸಿನ ಕೋಟು ಶನಿವಾರ ಕೊಡಬೇಕು, ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ. ಮಾಸ್ಟರ್ ನನ್ನ ಕಡೆ ನೋಡಿದರು. ನಾನು ಬಾಯಿಪಾಠ ಒಪ್ಪಿಸಿದೆ.

"ನಾನು ಸೊಟ್ಟಗೆ ಕತ್ತರಿಸಿದ್ದನ್ನೆಲ್ಲ ಹೊಲಿಗೇಲಿ ಸರಿ ಮಾಡೋಳು ನೀನು. ಎಲ್ಲಿ ತಪ್ಪುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಮ್ನೆ ಹಿಡಿ" ಅಂದರು.

ಧೈರ್ಯದಿಂದ ಹಿಡಿಯಲಿಲ್ಲ ಕಣೇ. ನಿನಗೆ ಬರುವುದು ನನಗೇಕೆ ಬರಬಾರದು ಅನ್ನುವ ಹೊಟ್ಟೆಕಿಚ್ಚಿನಿಂದ ಹಿಡಿದೆ. ಬೆನ್ನು, ಎದೆ, ಕಾಲರ್ ಎಲ್ಲ ಸರಿಯಾಗಿ ಬಂತು. ತೋಳಿಗೆ ಬಂದಾಗ ಬಟ್ಟೆ ಮಗುಚಿ ಹಾಕುವುದನ್ನು ಮರೆತು ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟೆ. ಒಳಮೈ ಹೊರಮೈ ಬೇರೆ ಇರುವ ಬಟ್ಟೆ, ತಿರುಗಿಸಿ ಹೊಲಿಯುವಂತೆಯೂ ಇಲ್ಲ. ಮನೆಗೆ ಹೊರಡಲು ಚಪ್ಪಲಿ ಹಾಕಿಕೊಂಡೆ.

ಮಾಸ್ಟರ್ ನಕ್ಕರು. "ಇದನ್ನ ನಾನೂ ಮಾಡಿದ್ದೀನಿ. ನಿನ್ನ ತಂಗಿ ಎರಡು ಸಲ ಮಾಡಿದಾಳೆ."

ಅದನ್ನು ಕೇಳಿ ನನಗಾದ ಸಂತೋಷವನ್ನು ಹೇಗೆ ಬರೆಯಲಿ. ಚಪ್ಪಲಿ ಬಿಟ್ಟು ಒಳಗೆ ಬಂದೆ. ಉಳಿದ ಬಟ್ಟೆ ಸಾಲದೆ ಕಂಕುಳ ಕೆಳಗೆ ಒಂದು ತುಂಡು ಜೋಡಿಸಿ ಬಲತೋಳು ಮಾಡಿದೆ. ಹೆಡ್‌ಮಿಸ್ಸು ಹಾಕಿಕೊಂಡು ನೋಡಿದರು. ತುಂಡು ಸೇರಿಸಿದ್ದನ್ನು ನಾನೇ ಹೇಳಿದೆ. "ಎಲ್ಲಿ?" ಅಂತ ಕೈಯೆತ್ತಿ ಹುಡುಕಿದರು. ಆಮೇಲೆ ಹನ್ನೊಂದು ಬಟ್ಟೆ ಕತ್ತರಿಸಿದ್ದೇನೆ. ಮಾಸ್ಟರ್ ಕೈ ಕೂಡಿಕೊಂಡಿದೆ, ಆದರೂ ಕತ್ತರಿ ವಾಪಸ್ ಕೇಳಿಲ್ಲ. ನಾನೂ ಕೊಟ್ಟಿಲ್ಲ.

ಹೊಟ್ಟೆಯುರಿ ಪೂರ್ತಿ ಆರಿತು ಅಂದುಕೊಳ್ಳಬೇಡ. ಫೋಟೋದಲ್ಲಿ ನಿನ್ನ ಕಟಿಂಗ್ ಟೇಬಲ್ಲು ನಮ್ಮದಕ್ಕಿಂತ ಉದ್ದ ಕಾಣುತ್ತದೆ, ಅಳತೆ ಬರೆದು ಕಳಿಸು. ಅಂಗಡಿ ಚೆನ್ನಾಗಿ ನಡೆಯಲಿ. ಕಣ್ಣು ಜೋಪಾನ, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅಕ್ಕ

ತಾ.ಕ.: ಆಗ ಕಟಿಂಗ್ ಕಲಿಸಲು ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸುವ ದಿನ ಮಾಸ್ಟರ್ ನಿನ್ನನ್ನು ಒಳಗೆ ಕರೆದು, "ಮೊದಲು ನಿಮ್ಮಕ್ಕನಿಗೆ ಕಲಿಸೋಣ ಅಂತಿದ್ದೀನಿ" ಅಂದರು. "ಬೇಡಿ ಮಾಸ್ಟರ್, ಕತ್ತರಿ ಹಿಡಿದ್ರೆ ಅಕ್ಕನ ಕೈ ನಡುಗುತ್ತೆ" ಅಂದೆ ನೀನು. ನಾನು ಪರದೆಯ ಈಚೆ ಗುಂಡಿ ಹೊಲಿಯುತ್ತಿದ್ದೆ. ನೀನು ಹೇಳಿದ್ದು ಸುಳ್ಳಲ್ಲ. ಆದರೆ ಹಿಂದಿನ ದಿನ ಅದನ್ನು ನಿನಗೊಬ್ಬಳಿಗೇ ಹೇಳಿಕೊಂಡಿದ್ದೆ, ಧೈರ್ಯ ಹೇಳುತ್ತೀಯ ಅಂತ.