ಒಂಟಿಕಾಲಿನ ಹಕ್ಕಿ

ಹೊಲಿಗೆ ಅಂಗಡಿಯ ಮಹಡಿ, ಕಿಟಕಿಯ ಪಕ್ಕ
ಜನವರಿ 19, ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಎಡ ಮೊಣಕಾಲ ಕೆಳಗಿನ ಗಾಯ ಪೂರ್ತಿ ಮಾಗಿದೆಯೆಂದು ನರ್ಸ್ ಫೋನಿನಲ್ಲಿ ಹೇಳಿದರು. ಊಟ ಸೇರುತ್ತಿದೆಯೇ, ಇಲ್ಲದ ಪಾದ ಈಗಲೂ ತುರಿಸುತ್ತದೆಯೇ, ಇದನ್ನೆಲ್ಲ ನೀನೇ ಬರೆ. ಇಲ್ಲಿ ನಾನೂ ನಿನ್ನ ಕ್ಯಾಮೆರಾವೂ ಕ್ಷೇಮ. ಕರೆಂಟ್ ಕಂಬದಿಂದ ಬಿದ್ದು ಆಸ್ಪತ್ರೆ ಸೇರಿದ ದಿನವೂ 'ಅಕ್ಕಾ, ಈ ಚಳಿಗಾಲದ ಹಕ್ಕಿಗಳ ಫೋಟೊ ಯಾರು ತೆಗೀತಾರೆ' ಎಂದು ಕೇಳಿದವನು ನೀನು. ದಿನವೂ ಸೂಜಿಗೆ ದಾರ ಪೋಣಿಸುವವಳಿಗೆ ಇದೇನು ಮಹಾ ಎಂದುಕೊಂಡೆ. ಮೊದಲ ವಾರ ಸಿಕ್ಕಿದ್ದು ಕಿಟಕಿಯಿಂದ ಕಾಣುವ ಕೊಳದ ಬರೀ ನೀರು, ಜೊತೆಗೆ ಒಂದು ಬಾಲ.

ಆಮೇಲೆ ಕೊಳದ ಕಲ್ಲಿನ ಮೇಲೆ ಆ ಬೂದು ಹಕ್ಕಿ ಕಂಡಿತು. ಉದ್ದ ಕೊಕ್ಕು, ಒಂದೇ ಕಾಲು. ನಾಯಿ ಹತ್ತಿರ ಬಂದರೂ ಅದೇ ಕಾಲಲ್ಲಿ ಕುಪ್ಪಳಿಸಿ ಪಕ್ಕಕ್ಕೆ ಸರಿಯುತ್ತಿತ್ತು. ಹದಿನಾಲ್ಕು ಫೋಟೊ ತೆಗೆದು ಉಪದೇಶ ಸಮೇತ ಕಳಿಸಿದೆ: 'ನೋಡೋ, ಇದೇ ಒಂದು ಕಾಲಲ್ಲಿ ಬದುಕ್ತಿದೆ. ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡು ಕೂತಿದ್ದೀಯ?' ಅದು ನನಗೇ ತಿರುಗುಬಾಣವಾಯಿತು. ಕೃತಕ ಕಾಲು ಜೋಡಿಸುವವರು ಬಂದಾಗ ನೀನು ಆ ಫೋಟೊ ತೋರಿಸಿ, 'ಹಕ್ಕಿಗೇ ಬೇಡ, ನನಗ್ಯಾಕೆ' ಎಂದು ಅಳತೆಯನ್ನೂ ಕೊಡದೆ ಕಳಿಸಿದೆಯಂತೆ. ನರ್ಸ್ ನಗುತ್ತಾ ಹೇಳಿದರು, ನನಗೆ ನಗು ಬರಲಿಲ್ಲ.

ಆದರೆ ಹಕ್ಕಿಯ ಹುಚ್ಚು ಬಿಡಲಿಲ್ಲ. ಕಾಲು ಹೋದದ್ದು ಹೇಗೆ? ಬಲೆಗೆ ಸಿಕ್ಕಿತೇ? ಹಾರಿ ಬಂದು ಇಳಿಯುವಾಗ ಮುಗ್ಗರಿಸುವುದಿಲ್ಲವೇ? ಗುಂಡಿಗೆ ಕಾಜಾ ಹಾಕಬೇಕಾದ ಶರ್ಟುಗಳು ಮೂಲೆ ಸೇರಿದವು. ಗಿರಾಕಿಗಳು ಬಂದು ಬಂದು, ಕೊನೆಗೆ ಅವರೂ ಕಿಟಕಿಯ ಬಳಿಯೇ ನಿಲ್ಲತೊಡಗಿದರು. ಮೊನ್ನೆ ಫೋಟೊಗಳನ್ನು ಸಾಲಾಗಿ ಜೋಡಿಸಿ ನೋಡುತ್ತೇನೆ, ಸೋಮವಾರ ನಿಂತಿರುವುದು ಎಡಗಾಲ ಮೇಲೆ, ಬುಧವಾರ ಬಲಗಾಲ ಮೇಲೆ. ಅಂಗಿಯ ತೋಳು ಅದಲುಬದಲಾದರೆ ನನ್ನ ಕಣ್ಣು ತಪ್ಪಿಸುವುದುಂಟೇ? ಆದರೂ ನಿನ್ನ ಅಕ್ಕನ ಬುದ್ಧಿ ನೋಡು, ಒಂಟಿಕಾಲಿನ ಹಕ್ಕಿಗಳು ಎರಡಿವೆ ಎಂದುಕೊಂಡೆ. ನಿನ್ನೆ ಮಧ್ಯಾಹ್ನ ಚೆನ್ನಾಗಿ ಬಿಸಿಲು ಬಿತ್ತು. ಹಕ್ಕಿ ಹೊಟ್ಟೆಯ ಪುಕ್ಕದೊಳಗಿಂದ ಇನ್ನೊಂದು ಕಾಲು ಇಳಿಸಿ, ಎರಡೂ ಕಾಲಲ್ಲಿ ಕೆಸರಿನುದ್ದಕ್ಕೂ ಓಡಿತು. ನಾನು ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಇಷ್ಟಕ್ಕೇ ಮುಗಿದಿದ್ದರೆ ನಾನೇ ಪೆದ್ದಿ ಎಂದು ಒಪ್ಪಿಕೊಳ್ಳುತ್ತಿದ್ದೆ. ಅದರ ಹೆಸರು ಹುಡುಕಲು ಕ್ಯಾಮೆರಾ ಚೀಲದಲ್ಲಿದ್ದ ನಿನ್ನ ಹಕ್ಕಿ ಪುಸ್ತಕ ತೆಗೆದೆ. ಇದೇ ಹಕ್ಕಿಯ ಚಿತ್ರದ ಪಕ್ಕ ಏಳು ವರ್ಷದ ಹಿಂದೆ ನೀನೇ ಬರೆದಿದ್ದೀಯ: 'ಚಳಿಗೆ ಒಂದು ಕಾಲು ಒಳಗೆ. ಬಿಸಿಲಿಗೆ ಎರಡೂ ಹೊರಗೆ.' ನಿನಗೆ ಎಲ್ಲ ಗೊತ್ತಿತ್ತು. ಅಕ್ಕನ ದಡ್ಡತನ ನಿನಗೆ ಅನುಕೂಲವಾಯಿತು. ನನಗೆ ಸಿಟ್ಟು ಬಂತು, ಆಮೇಲೆ ಇಳಿಯಿತು. ಹೊಸ ಕಾಲು ಹಾಕಿಕೊಂಡು ನಿಂತರೆ ಬಿದ್ದೇನೆಂದು ನಿನಗೆ ಹೆದರಿಕೆ. ನನಗೂ ಅದೇ ಹೆದರಿಕೆ.

ನರ್ಸಮ್ಮನಿಗೆ ನಮಸ್ಕಾರ. ನಿನಗೆ ತಲೆಗೊಂದು ಮೊಟಕು, ಅದರ ಮೇಲೆ ಆಶೀರ್ವಾದ.

ನಿನ್ನ
ಅಕ್ಕ

ಮರೆತಿದ್ದೆ: ಕಾಲು ಜೋಡಿಸುವವರಿಗೆ ಫೋನ್ ಮಾಡಿದ್ದೆ. ಗುರುವಾರ ಇನ್ನೊಮ್ಮೆ ಬರುತ್ತಾರೆ. ಹಿಮ್ಮಡಿಯ ಎತ್ತರ ನೋಡಲು ನಿನ್ನ ಶೂ ಬೇಕಂತೆ, ಎರಡೂ. ಎಡಗಾಲಿನದು ಕಳೆದುಹೋಗಿದೆ ಎಂದು ನಿನಗೆ ಸುಳ್ಳು ಹೇಳಿದ್ದೆ, ನೋಡಿದರೆ ನೊಂದುಕೊಳ್ಳುತ್ತೀಯೆಂದು. ಬೀರುವಿನಲ್ಲೇ ಇದೆ. ಈಗ ಎರಡಕ್ಕೂ ಪಾಲಿಶ್ ಹಾಕಿ ಕೂತಿದ್ದೇನೆ. ನಾನೇ ತರುತ್ತೇನೆ. ಬೇಡ ಎನ್ನುವುದಿದ್ದರೆ ನನ್ನ ಮುಖ ನೋಡಿ ಹೇಳು.